ಕಕ್ಕಬ್ಬೆಯ ಗದ್ದೆಯಲ್ಲಿ ಕಡಲ ಹಕ್ಕಿ: ಹಕ್ಕಿಗಳು ರಾಶಿ ರಾಶಿ ಸತ್ತಾಗ ಕಾರಣ ಹುಡುಕುವುದು ಹೇಗೆ?

ಕಕ್ಕಬ್ಬೆ ತೋಟದವಳು · ಜುಲೈ 14, ರಾತ್ರಿ 8:40

ಮೂರು ದಿನದಿಂದ ಕೊಡಗಿನ ಈ ಮೂಲೆಯಲ್ಲಿ ಗಾಳಿ ಮಳೆ ಬಿಟ್ಟೇ ಇಲ್ಲ. ಕರೆಂಟು ಬಂದು ಹೋಗಿ ಮಾಡುತ್ತಿದೆ, ಅದಕ್ಕೇ ಇರುವಾಗಲೇ ಎಲ್ಲ ಬರೆದುಬಿಡುತ್ತೇನೆ. ಉದ್ದವಾದರೆ ಸಹಿಸಿಕೊಳ್ಳಿ.

ನಿನ್ನೆ ಬೆಳಿಗ್ಗೆ ಅಗೆ ಕೀಳಲು ಬಂದ ಹೆಂಗಸರು, ಗದ್ದೆ ಬದುವಿನಲ್ಲಿ ಒಂದು ಹಕ್ಕಿ ಕೂತಿದೆ, ಹತ್ತಿರ ಹೋದರೂ ಏಳುತ್ತಿಲ್ಲ ಎಂದು ಕೂಗಿ ಕರೆದರು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಓಡಿದೆ. ಬೆನ್ನು ಬೂದಿಗಪ್ಪು, ಹೊಟ್ಟೆ ಬಿಳಿ, ತಲೆಗೆ ಕಪ್ಪು ಟೋಪಿ ಹಾಕಿದ ಹಾಗೆ, ಹಣೆಯಿಂದ ಕಣ್ಣಿನ ಹಿಂದಿನವರೆಗೂ ಎಳೆದ ಬಿಳಿ ಗೀಟು. ಬಾಲ ಕತ್ತರಿಯಂತೆ ಸೀಳಿದೆ. ನೀರುಕಾಗೆಯಲ್ಲ, ಬೆಳ್ಳಕ್ಕಿಯಲ್ಲ. ಎತ್ತಿಕೊಂಡಾಗ ಕಾಲು ನೋಡಿದೆ: ಬೆರಳುಗಳ ನಡುವೆ ತೆಳುವಾದ ಕಪ್ಪು ಚರ್ಮ. ಐವತ್ತು ವರ್ಷ ಈ ಗದ್ದೆಯಲ್ಲೇ ಕಳೆದ ನಮ್ಮ ಅತ್ತೆಯೂ ಇಂಥದ್ದನ್ನು ಕಂಡಿರಲಿಲ್ಲ.

ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಟವೆಲ್ ಹಾಸಿ ಒಲೆಯ ಪಕ್ಕ ಇಟ್ಟೆ. ಕೂಗಲಿಲ್ಲ, ಕುಕ್ಕಲೂ ಇಲ್ಲ. ಆಗಾಗ ಕೊಕ್ಕು ತೆರೆದು ಮುಚ್ಚುತ್ತಿತ್ತು ಅಷ್ಟೆ. ಇವತ್ತು ಬೆಳಗಿನ ಜಾವ ಎದ್ದು ನೋಡಿದರೆ ಸತ್ತಿತ್ತು. ಕಾಳುಮೆಣಸು ತೂಗುವ ಸಣ್ಣ ತಕ್ಕಡಿಯಲ್ಲಿಟ್ಟೆ, 84 ಗ್ರಾಂ. ಎದೆ ಮುಟ್ಟಿದರೆ ಮೂಳೆ ಕತ್ತಿಯ ಅಲಗಿನ ಹಾಗೆ ಕೈಗೆ ಸಿಗುತ್ತಿತ್ತು.

ಒಂದು ಕಚೇರಿಗೆ ಫೋನ್ ಮಾಡಿದೆ. ‘ಗುಂಡಿ ತೋಡಿ ಹೂಳಿಬಿಡಿ’ ಎಂದು ಇಟ್ಟುಬಿಟ್ಟರು. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಯಾರದೋ ಧ್ವನಿ: ವಿರಾಜಪೇಟೆ ಕಡೆಯೂ ಹಕ್ಕಿ ಬಿದ್ದಿದೆ, ಇದು ಹಕ್ಕಿಜ್ವರ, ಕೋಳಿ ತಿನ್ನಬೇಡಿ ಎಂದು. ನಾವು ನಾಡುಕೋಳಿ ತಿನ್ನುವ ಕಕ್ಕಡ (ಆಟಿ) ತಿಂಗಳು ಶುರುವಾಗುವ ಹೊತ್ತು. ನಾಡುಕೋಳಿ ಸಾಕಿದವರಿಗೆ ವರ್ಷದಲ್ಲಿ ನಾಲ್ಕು ಕಾಸು ಕಾಣುವ ಕಾಲ ಇದು. ಒಂದು ಸುಳ್ಳು ಸುದ್ದಿಗೆ ಅವರ ಹೊಟ್ಟೆ ಮೇಲೆ ಹೊಡೆತ ಬೀಳುತ್ತದೆ. ಸುದ್ದಿ ನಿಜವೇ ಆಗಿದ್ದರೆ ಇನ್ನೂ ದೊಡ್ಡ ಹೊಡೆತ.

ಹಕ್ಕಿಯನ್ನು ಹೂತಿಲ್ಲ. ಮೀನಿನವನ ಹತ್ತಿರ ಥರ್ಮೋಕೋಲ್ ಪೆಟ್ಟಿಗೆ, ಐಸ್ ತೆಗೆದುಕೊಂಡು ಅದರಲ್ಲಿಟ್ಟಿದ್ದೇನೆ. ಕಡಲ ತೀರದಲ್ಲಿ ಸಾವಿರಗಟ್ಟಲೆ ಹಕ್ಕಿ ಸತ್ತು ಬೀಳುವ ಸುದ್ದಿ ಓದಿದ್ದೇನೆ. ಅಲ್ಲಿ ಕಾರಣ ಕಂಡುಹಿಡಿಯುವುದು ಹೇಗೆ? ಒಂದು ಹೆಣದಿಂದ ಏನಾದರೂ ತಿಳಿಯುತ್ತದೆಯೇ? ಗೊತ್ತಿದ್ದವರು ಹೇಳಿ.

ಗೋಣಿಕೊಪ್ಪ ದುರ್ಬೀನು · ಜುಲೈ 14, ರಾತ್ರಿ 9:15

ಅಕ್ಕ, ಫೋಟೋ ನೋಡಿದೆ. ಬಿಳಿ ಗೀಟು ಕಣ್ಣು ದಾಟಿ ಹಿಂದೆ ಹೋಗಿದೆ ಎಂದರೆ ಇದು ಬ್ರೈಡಲ್ಡ್ ಟರ್ನ್, ರೀವ ಎನ್ನುವ ನೀರುಹಕ್ಕಿಗಳ ಜಾತಿ. ಇದರ ನೆಂಟ ಸೂಟಿ ಟರ್ನ್‌ಗೆ ಹಣೆಯ ಬಿಳಿ ಕಣ್ಣಿನ ಹತ್ತಿರವೇ ನಿಂತುಬಿಡುತ್ತದೆ. ಬ್ರೈಡಲ್ಡ್ ಟರ್ನ್ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಮೇಲೆ ಗೂಡು ಮಾಡುತ್ತದೆ. ಸೂಟಿ ಟರ್ನ್ ಲಕ್ಷದ್ವೀಪದ ಪಿಟ್ಟಿಯಲ್ಲಿ ಮರಿ ಮಾಡುತ್ತದೆ. ಮುಂಗಾರಿನ ಬಿರುಗಾಳಿಗೆ ಇವು ದಡಕ್ಕೆ, ಕೆಲವೊಮ್ಮೆ ದಡ ದಾಟಿ ಒಳನಾಡಿಗೂ ಬಂದು ಬೀಳುತ್ತವೆ. ಭಾಗಮಂಡಲದಿಂದ ಕಾಸರಗೋಡಿನ ಕಡಲು ನೇರ ಗೆರೆ ಎಳೆದರೆ 60 ಕಿಲೋಮೀಟರ್ ಅಷ್ಟೆ. ನಮಗೆ ಘಟ್ಟ ಇಳಿಯಲು ಅರ್ಧ ದಿನ ಬೇಕು, ಗಾಳಿಗೆ ಸಿಕ್ಕ ಹಕ್ಕಿಗೆ ಒಂದೆರಡು ಗಂಟೆ ಸಾಕು.

ಚೆನ್ನಾಗಿ ಉಂಡ ಬ್ರೈಡಲ್ಡ್ ಟರ್ನ್ ನೂರಕ್ಕೂ ಹೆಚ್ಚು ಗ್ರಾಂ ತೂಗಬೇಕು. 84 ಎಂದರೆ ಬಹಳ ಕಡಿಮೆ. ತೂಕ ಬರೆದಿಟ್ಟದ್ದು ದೊಡ್ಡ ಕೆಲಸ. ಕಾಲಿನಲ್ಲಿ ಉಂಗುರ ಇತ್ತಾ ನೋಡಿ. ಮುಂಬೈಯ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ)ನವರು ನಂಬರು ಕೊರೆದ ಉಂಗುರ ಹಾಕುತ್ತಾರೆ. ಇದ್ದರೆ ಹಕ್ಕಿ ಎಲ್ಲಿಯದು ಎನ್ನುವುದೂ ತಿಳಿಯುತ್ತದೆ.

ಕಕ್ಕಬ್ಬೆ ತೋಟದವಳು · ಜುಲೈ 14, ರಾತ್ರಿ 9:22

ಈಗಲೇ ನೋಡಿದೆ. ಉಂಗುರ ಇಲ್ಲ.

ಅಮ್ಮತ್ತಿ ರೈಟರ್ · ಜುಲೈ 14, ರಾತ್ರಿ 10:05

ನಾನು ಮೂವತ್ತು ವರ್ಷ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿದವನು. ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೊದಲು ಕೂಲಿಯವರ ಲೈನ್ ಮನೆ ಸುತ್ತ ಗುಬ್ಬಿ ಎಷ್ಟಿತ್ತು, ಈಗ ಒಂದೂ ಇಲ್ಲ. ಮೊಬೈಲ್ ಟವರ್ ಬಂದ ಮೇಲೆ ಹೀಗಾಯಿತು. ಮೇಲಿಂದ ತೋಟಕ್ಕೆ ಹೊಡೆಯುವ ಔಷಧಿ ಬೇರೆ. ಹೂ ಬಿಟ್ಟ ಕಾಲದಲ್ಲಿ ಜೇನು ಸತ್ತದ್ದನ್ನು ಬುಟ್ಟಿಯಲ್ಲಿ ತುಂಬಿದ್ದೇನೆ. ಹಕ್ಕಿ ಬಿದ್ದರೆ ಗಾಳಿ ಮಳೆ ಎಂದು ಹೇಳಿ ಮುಗಿಸಿದರೆ ನಿಜ ಮುಚ್ಚಿಹೋಗುತ್ತದೆ. ಈ ಎರಡನ್ನೂ ನೋಡಬೇಕು ಎನ್ನುವುದು ನನ್ನ ಮಾತು.

ಸೋಮವಾರಪೇಟೆ ದನದ ಡಾಕ್ಟ್ರು · ಜುಲೈ 15, ಬೆಳಿಗ್ಗೆ 6:30

ನಿವೃತ್ತನಾಗಿ ಆರು ವರ್ಷ. ಆದರೂ ಈ ವಿಷಯಕ್ಕೆ ಸುಮ್ಮನಿರಲು ಆಗಲಿಲ್ಲ.

ತಂಗೀ, ಮೊದಲು ನಿಮಗೆ ಒಂದು ಮಾತು. ಬರಿಗೈಲಿ ಎತ್ತಿದ್ದು, ಒಲೆ ಪಕ್ಕ ಇಟ್ಟದ್ದು ಬೇಡಿತ್ತು. ಮುಂದೆ ಯಾರೇ ಆಗಲಿ, ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ, ಹಕ್ಕಿ ಹಿಡಿದು, ಕವರನ್ನೇ ಮಗುಚಿ ಗಂಟು ಹಾಕಿ. ಮೇಲೊಂದು ಕವರ್. ಕೈಯನ್ನು ಸೋಪು ಹಾಕಿ ತೊಳೆಯಿರಿ. ಆ ಬಟ್ಟೆ ಚಪ್ಪಲಿಯಲ್ಲೇ ಕೋಳಿಗೂಡಿಗೆ ಹೋಗಬೇಡಿ. ಮುಂದಿನ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಏನಾದರೂ ಕಂಡರೆ ವೈದ್ಯರಿಗೆ ‘ಸತ್ತ ಹಕ್ಕಿ ಮುಟ್ಟಿದ್ದೆ’ ಎಂದು ಮೊದಲೇ ಹೇಳಿ. ಹೆದರಿಸುತ್ತಿಲ್ಲ, ಇದು ಕ್ರಮ.

ಐಸ್‌ನಲ್ಲಿ ಇಟ್ಟದ್ದು ಬಹಳ ಸರಿ. ಫ್ರೀಜರಿಗೆ ಹಾಕಿದ್ದರೆ ಮಾಂಸಕಣ ಒಡೆದು, ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಯಾವುದು ರೋಗದಿಂದ ಕೆಟ್ಟದ್ದು, ಯಾವುದು ಹೆಪ್ಪುಗಟ್ಟಿ ಕೆಟ್ಟದ್ದು ಎಂದು ಗೊತ್ತಾಗುವುದಿಲ್ಲ. ಒಂದೆರಡು ದಿನದಲ್ಲಿ ಲ್ಯಾಬಿಗೆ ತಲುಪುವುದಾದರೆ ಐಸ್, ತಡವಾಗುವುದಾದರೆ ಮಾತ್ರ ಫ್ರೀಜರ್. ಇದು ಕಾಡುಹಕ್ಕಿ, ವನ್ಯಜೀವಿ ಕಾಯ್ದೆಗೆ ಸೇರಿದ್ದು. ಅರಣ್ಯ ಇಲಾಖೆಗೆ ತಿಳಿಸಿಯೇ ಮುಂದುವರಿಯಬೇಕು. ನಾನು ಇವತ್ತು ಇಬ್ಬರ ಹತ್ತಿರ ಮಾತಾಡುತ್ತೇನೆ.

ಈಗ ರೈಟರಣ್ಣನ ಮಾತಿಗೆ. ಔಷಧಿಯ ಅನುಮಾನ ತಪ್ಪಲ್ಲ, ಆ ದಾರಿಯನ್ನು ನಾವು ಯಾವತ್ತೂ ಮುಚ್ಚುವುದಿಲ್ಲ. ಆದರೆ ಕೊಯ್ದು ನೋಡುವವನಿಗೆ ಒಂದು ಗುರುತು ಇದೆ. ಕೀಟನಾಶಕ ತಿಂದ ಹಕ್ಕಿ ಹೆಚ್ಚಾಗಿ ಹೊಟ್ಟೆ ತುಂಬಿರುವಾಗಲೇ ಸಾಯುತ್ತದೆ. ಗಂಟಲ ಚೀಲದಲ್ಲಿ ಕಾಳೋ ಹುಳುವೋ ಇನ್ನೂ ಹಾಗೇ ಇರುತ್ತದೆ, ಎದೆ ಮಾಂಸ ತುಂಬಿರುತ್ತದೆ, ಎಷ್ಟೋ ಸಲ ಕಾಲ್ಬೆರಳು ಮುಷ್ಟಿ ಕಟ್ಟಿರುತ್ತವೆ. ಹಸಿದು ಸತ್ತದ್ದರಲ್ಲಿ ಚರ್ಮದ ಕೆಳಗೆ ಕೊಬ್ಬು ಒಂದು ಎಳೆ ಇರುವುದಿಲ್ಲ, ಎದೆ ಮಾಂಸ ಕರಗಿ ಮೂಳೆ ಎದ್ದಿರುತ್ತದೆ, ಜಠರ ಖಾಲಿ, ಪಿತ್ತಕೋಶ ಮಾತ್ರ ಊದಿರುತ್ತದೆ. ಊಟವೇ ಇಲ್ಲದಿದ್ದರೆ ಪಿತ್ತ ಖರ್ಚಾಗುವುದೆಲ್ಲಿ? 84 ಗ್ರಾಂ, ಕತ್ತಿಯಂಥ ಎದೆಮೂಳೆ ಎನ್ನುವ ತಂಗಿಯ ಎರಡು ಮಾತೇ ನನಗೆ ಅರ್ಧ ದಾರಿ ತೋರಿಸಿತು. ಆದರೂ ಅರ್ಧವೇ.

ಟವರ್ ವಿಷಯಕ್ಕೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಯಾರು ಸತ್ತರು, ಯಾರು ಸಾಯಲಿಲ್ಲ? ಟವರ್ ವರ್ಷವಿಡೀ ಅಲ್ಲೇ ಇದೆ. ಅದೇ ಕೊಂದಿದ್ದರೆ ಪಿಕಳಾರ, ಮಡಿವಾಳ, ಕಾಗೆ ಮೊದಲು ಬೀಳಬೇಕಿತ್ತು. ಬಿದ್ದದ್ದು ಕಡಲ ಹಕ್ಕಿ, ಅದೂ ಗಾಳಿ ಬೀಸಿದ ಮರುದಿನ. ಹಾಗೆಯೇ ಹಕ್ಕಿಜ್ವರ ಎನ್ನುವವರು ಕೋಳಿ, ಬಾತು, ಕಾಗೆ ಹೇಗಿವೆ ಎಂದು ನೋಡಬೇಕು.

ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬೀಳತೊಡಗಿದಾಗ ಎಲ್ಲರ ಬಾಯಲ್ಲೂ ಹಕ್ಕಿಜ್ವರ, ಇಲ್ಲವೇ ಕೆರೆಯ ವಿಷ. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಜಂತುಹುಳುವಿನ ಗಂಟು. ಮೀನಿನ ಮೂಲಕ ಒಳಗೆ ಹೋದದ್ದು. ಕೊಯ್ಯದೆ ಇದ್ದಿದ್ದರೆ ಇವತ್ತಿಗೂ ಜನ ಕೆರೆಯನ್ನೇ ಬೈಯುತ್ತಿದ್ದರು.

ಅಮ್ಮತ್ತಿ ರೈಟರ್ · ಜುಲೈ 15, ಬೆಳಿಗ್ಗೆ 7:50

ಡಾಕ್ಟ್ರೇ, ಯಾರು ಸಾಯಲಿಲ್ಲ ಎಂದು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಜೇನಿನ ವಿಷಯ ಮಾತ್ರ ನಾನು ಬಿಡುವುದಿಲ್ಲ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಸೋಮವಾರಪೇಟೆ ದನದ ಡಾಕ್ಟ್ರು · ಜುಲೈ 15, ಬೆಳಿಗ್ಗೆ 8:10

ಖಂಡಿತ ಮಾಡಿ ಅಣ್ಣ. ನಾನೂ ಬರುತ್ತೇನೆ.

ಪೊನ್ನಂಪೇಟೆ ವಿದ್ಯಾರ್ಥಿನಿ · ಜುಲೈ 15, ಮಧ್ಯಾಹ್ನ 2:20

ಅಕ್ಕ ಕೇಳಿದ ದೊಡ್ಡ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಪರೀಕ್ಷೆಗೆ ಓದುವಾಗ ಈ ಒಂದು ಕಥೆ ನನ್ನನ್ನು ಬಹಳ ಕಾಡಿತ್ತು.

ಅಲಾಸ್ಕದಲ್ಲಿ ಕಾಮನ್ ಮರ್ ಎಂಬ ಹಕ್ಕಿ ಇದೆ. ಮೇಲೆ ಕಪ್ಪು, ಕೆಳಗೆ ಬಿಳಿ, ನೀರೊಳಗೆ ಆಳಕ್ಕೆ ಮುಳುಗಿ ಮೀನು ಹಿಡಿಯುತ್ತದೆ. 2015ರ ಬೇಸಿಗೆಯಿಂದ 2016ರ ವಸಂತದವರೆಗೆ ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗಿನ ತೀರದಲ್ಲಿ ಸುಮಾರು 62,000 ಮರ್ ಹೆಣಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಮರಿಗಳಲ್ಲ, ಗೂಡು ಕಟ್ಟುವ ವಯಸ್ಸಿನವು. ಇದೇ ದೊಡ್ಡ ಗಾಬರಿ. ಮರಿ ಸತ್ತರೆ ಮುಂದಿನ ವರ್ಷ ಮತ್ತೆ ಮರಿ. ತಾಯಿಯೇ ಸತ್ತರೆ?

ಕೊಯ್ದು ನೋಡಿದವರಿಗೆ ಸಿಕ್ಕಿದ್ದು ಡಾಕ್ಟ್ರು ಹೇಳಿದ ಅದೇ ಚಿತ್ರ: ಕೊಬ್ಬಿಲ್ಲ, ಮಾಂಸ ಕರಗಿದೆ, ಹೊಟ್ಟೆ ಖಾಲಿ. ರೋಗ ಹುಡುಕಿದರು, ಪಾಚಿಯ ವಿಷ ಹುಡುಕಿದರು. ಇಷ್ಟು ದೊಡ್ಡ ಸಾವಿಗೆ ಅದೇ ಕಾರಣ ಎನ್ನುವಂತೆ ಏನೂ ಸಿಗಲಿಲ್ಲ. ಹಸಿವು ಎಂದು ಬರೆದು ಮುಗಿಸಬಹುದಿತ್ತು. ನನಗೆ ಇಷ್ಟವಾದದ್ದು ಅವರು ಅಲ್ಲಿಗೆ ನಿಲ್ಲಿಸದೆ ಇದ್ದದ್ದು. ಕಡಲು ತುಂಬ ಮೀನಿರುವಲ್ಲಿ ಹಕ್ಕಿಗೆ ಹಸಿವು ಯಾಕೆ?

ಆ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಈಶಾನ್ಯ ಭಾಗದಲ್ಲಿ ನೀರು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ನಿಂತಿತ್ತು. ಅದಕ್ಕೆ ‘ಬ್ಲಾಬ್’ ಎಂದೇ ಹೆಸರಿಟ್ಟರು. ನೀರು ಬಿಸಿಯಾದಾಗ ಎರಡು ಕಡೆಯಿಂದ ಪೆಟ್ಟು ಬಿತ್ತು. ಮರ್ ತಿನ್ನುವ ಸಣ್ಣ ಮೀನಿಗೆ ಒಳ್ಳೆ ಮೇವು ಸಿಗದೆ ಅವು ಬಡಕಲಾದವು, ಕಡಿಮೆಯಾದವು. ಅದೇ ಸಣ್ಣ ಮೀನನ್ನು ತಿನ್ನುವ ಕಾಡ್, ಪೊಲಾಕ್‌ನಂಥ ದೊಡ್ಡ ಮೀನುಗಳಿಗೆ ಬಿಸಿನೀರಿನಲ್ಲಿ ಹಸಿವು ಹೆಚ್ಚಾಯಿತು. ಮೀನು ತಣ್ಣನೆ ರಕ್ತದ ಜೀವ, ನೀರಿನ ಜೊತೆ ಅದರ ಮೈಯೂ ಬಿಸಿಯಾಗುತ್ತದೆ, ಹೊಟ್ಟೆ ಜಾಸ್ತಿ ಕೇಳುತ್ತದೆ. ಮರ್ ದಿನಕ್ಕೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ತಿನ್ನಬೇಕು. ನಾಲ್ಕೈದು ದಿನ ಮೀನು ಸಿಗದಿದ್ದರೆ ಮುಗಿಯಿತು.

ಇನ್ನೊಂದು ವಿಷಯ. 62,000 ಹೆಣ ಸಿಕ್ಕಿತು ಎಂದರೆ 62,000 ಸತ್ತವು ಎಂದಲ್ಲ. ಎಷ್ಟೋ ಮುಳುಗುತ್ತವೆ, ಎಷ್ಟನ್ನೋ ಹದ್ದು ನರಿ ತಿನ್ನುತ್ತವೆ, ಎಷ್ಟೋ ತೀರಕ್ಕೆ ಜನ ಹೋಗುವುದೇ ಇಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಚೆಲ್ಲಿದಾಗ ಸಿಕ್ಕ ಹೆಣ 30,000ಕ್ಕೂ ಹೆಚ್ಚು, ಅಂದಾಜಿಸಿದ ಸಾವು ಎರಡೂವರೆ ಲಕ್ಷ. ಮರ್ ವಿಷಯದಲ್ಲಿ ಮೊದಲ ಅಂದಾಜು ಐದು ಲಕ್ಷದಿಂದ ಹನ್ನೆರಡು ಲಕ್ಷ. ಆಮೇಲೆ ಗೂಡಿನ ಬಂಡೆಗಳಿಗೇ ಹೋಗಿ, ಬಿಸಿನೀರಿಗೆ ಮೊದಲು ಎಷ್ಟಿದ್ದವು, ಆಮೇಲೆ ಎಷ್ಟು ಎಂದು ಹೋಲಿಸಿದರು. 2024ರಲ್ಲಿ ಬಂದ ಲೆಕ್ಕ: ಅಲಾಸ್ಕದ ಮರ್‌ಗಳಲ್ಲಿ ಸುಮಾರು ಅರ್ಧ, ಅಂದರೆ 40 ಲಕ್ಷ ಹಕ್ಕಿ ಹೋಗಿವೆ. ಏಳೆಂಟು ವರ್ಷವಾದರೂ ಸಂಖ್ಯೆ ಮೇಲೆ ಬಂದಿಲ್ಲ.

ಈ ಹೋಲಿಕೆ ಹೇಗೆ ಸಾಧ್ಯವಾಯಿತು ಎಂದರೆ, ಏನೂ ಆಗದ ವರ್ಷಗಳಲ್ಲೂ ಯಾರೋ ಹೋಗಿ ಎಣಿಸಿ ಬರೆದಿಟ್ಟಿದ್ದರು.

ಕಕ್ಕಬ್ಬೆ ತೋಟದವಳು · ಜುಲೈ 15, ಸಂಜೆ 6:00

ಇದನ್ನು ಅತ್ತೆಗೆ ಓದಿ ಹೇಳಿದೆ. ‘ತಾಯಿಯೇ ಸತ್ತರೆ’ ಎನ್ನುವಲ್ಲಿ ಅವರು ಸುಮ್ಮನಾದರು.

ಪೆಟ್ಟಿಗೆ ಇವತ್ತು ಮಡಿಕೇರಿ ತಲುಪಿತು. ಡಾಕ್ಟ್ರೇ, ನಿಮಗೆ ಕೈ ಮುಗಿದೆ.

ಮಲ್ಪೆ ಬೋಟಿನವ · ಜುಲೈ 15, ರಾತ್ರಿ 9:45

ನನ್ನ ಹೆಂಡತಿ ಮನೆ ಕುಶಾಲನಗರ, ಹಾಗಾಗಿ ಈ ಗುಂಪಿನಲ್ಲಿದ್ದೇನೆ. ಈಗ ಬೋಟು ದಡದಲ್ಲಿದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟು ಇಳಿಸುವ ಹಾಗಿಲ್ಲ. ಒಂದು ಯೋಚನೆ ಬಂತು. ಗಾಳಿ ಜೋರಿದ್ದು ಕಡಲ ಹಕ್ಕಿ ಕಷ್ಟಪಡುವುದು ಇದೇ ಎರಡು ತಿಂಗಳು, ಕಡಲಲ್ಲಿ ನಮ್ಮ ಕಣ್ಣು ಇಲ್ಲದೇ ಇರುವುದೂ ಇದೇ ಎರಡು ತಿಂಗಳು. ದಡಕ್ಕೆ ಬಂದು ಬಿದ್ದದ್ದನ್ನು ನಾಯಿ, ಗರುಡ, ಏಡಿ ಸೇರಿ ಅರ್ಧ ದಿನದಲ್ಲಿ ಮುಗಿಸುತ್ತವೆ. ಬೆಳಿಗ್ಗೆ ನೋಡಿದ ಹಕ್ಕಿ ಸಂಜೆಗೆ ನಾಲ್ಕು ಗರಿ.

ಈ ಜಾತಿ ಹಕ್ಕಿಯನ್ನು ನಾವು ದಡದಿಂದ ದೂರ, ಆಳ ಕಡಲಿನ ಮೇಲೆ ನೋಡುತ್ತೇವೆ. ಟ್ಯೂನಾ ಹಿಂಡು ಕೆಳಗಿಂದ ಸಣ್ಣ ಮೀನನ್ನು ಮೇಲಕ್ಕೆ ಅಟ್ಟುತ್ತದೆ, ಇವು ಮೇಲಿಂದ ಹೆಕ್ಕುತ್ತವೆ. ಹಕ್ಕಿ ಸುತ್ತುವ ಕಡೆ ಬಲೆ ಬಿಡು ಎನ್ನುವುದು ನಮ್ಮ ಅಪ್ಪ ಹೇಳಿಕೊಟ್ಟದ್ದು. ಇವಕ್ಕೆ ಮರ್ ಹಾಗೆ ಮುಳುಗಲು ಬರುವುದಿಲ್ಲ, ಮೇಲ್ಮಟ್ಟದ ಮೀನೇ ಗತಿ. ಕಡಲು ಕದಡಿದರೆ ಮೀನು ಕಾಣುವುದಿಲ್ಲ. ಇಂಥ ಗಾಳಿ ಐದು ದಿನ ನಿಂತರೆ ಅವು ತಿನ್ನುವುದೇನನ್ನು?

ಮೀನಿನ ಲೆಕ್ಕವೂ ನೆಟ್ಟಗಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ಟೈಪ್ ತಪ್ಪಲ್ಲ, ಮೂರು ಸಾವಿರ. ಆಮೇಲೆ ಸ್ವಲ್ಪ ಸುಧಾರಿಸಿತು. ನಿಮ್ಮ ವಿರಾಜಪೇಟೆ ಸಂತೆಗೆ ಬರುವ ಮತ್ತಿಯೂ ಅದೇ. ನಮಗೆ ಅದು ಸಾಲ, ಹಕ್ಕಿಗೆ ಏನು ಎಂದು ಕೇಳಿದವರಿಲ್ಲ.

ಮಳೆಗಾಲದಲ್ಲಿ ದಡಕ್ಕೆ ಡಾಂಬರು ಉಂಡೆ (ಕಡಲಿಗೆ ಸೇರಿದ ಎಣ್ಣೆ ಗಟ್ಟಿಯಾದದ್ದು) ಬರುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಕಂಟೇನರ್ ಹಡಗು ಮುಳುಗಿದಾಗ ಸಾಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳು ಕೇರಳದ ದಡದಲ್ಲೆಲ್ಲ ಹರಡಿತ್ತು. ಮೀನಿನ ಮೊಟ್ಟೆ ಎಂದು ಹಕ್ಕಿ ನುಂಗಿದರೆ ತಪ್ಪು ಅದರದ್ದಲ್ಲ.

ಸಿದ್ದಾಪುರ · ಜುಲೈ 16, ಬೆಳಿಗ್ಗೆ 7:15

ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಬೆಳಗಾದರೆ ಕೆಲಸಕ್ಕೆ ಹೋದವರು ಆನೆಗೆ ಸಿಗದೆ ಮನೆಗೆ ಬರುತ್ತಾರಾ ಎಂದು ಕಾಯುವ ಸ್ಥಿತಿ. ಮಗನನ್ನು ಸ್ಕೂಲಿಗೆ ಬಿಡಲು ಪಟಾಕಿ ಹಿಡಿದು ಹೋಗುತ್ತೇನೆ. ನಾವು ಅಲಾಸ್ಕದ ಹಕ್ಕಿ ಬಗ್ಗೆ ಇಷ್ಟು ಬರೆಯುತ್ತಿದ್ದೇವೆ. ನಮ್ಮ ಸಾವಿಗೆ ಇಷ್ಟು ತನಿಖೆ ಯಾರು ಮಾಡುತ್ತಾರೆ?

ಕಕ್ಕಬ್ಬೆ ತೋಟದವಳು · ಜುಲೈ 16, ಬೆಳಿಗ್ಗೆ 8:30

ಅಣ್ಣ, ನಿಮ್ಮ ನೋವು ನನ್ನದೂ ಹೌದು. ನಮ್ಮ ಲೈನ್ ಮನೆಯ ಒಬ್ಬರನ್ನು ನಾವೂ ಹಾಗೆಯೇ ಕಳೆದುಕೊಂಡೆವು. ಅವತ್ತು ಬಂದವರು ಪರಿಹಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆ ಆನೆ ಆ ಹೊತ್ತಿಗೆ ಆ ದಾರಿಗೆ ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ. ಸಾವಿಗೆ ಕಾರಣ ಕೇಳುವ ಅಭ್ಯಾಸವೇ ನಮ್ಮಲ್ಲಿ ತಪ್ಪಿಹೋಗಿದೆ. ಹಕ್ಕಿಯಿಂದ ಶುರುವಾದರೂ ಪರವಾಗಿಲ್ಲ, ಶುರುವಾಗಲಿ ಎಂದು ನನ್ನ ಆಸೆ.

ಸೋಮವಾರಪೇಟೆ ದನದ ಡಾಕ್ಟ್ರು · ಜುಲೈ 16, ಬೆಳಿಗ್ಗೆ 9:40

ಸಿದ್ದಾಪುರದ ಅಣ್ಣನಿಗೆ ಒಂದು ಹಳೆಯ ಸಂಗತಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲ ಹಳ್ಳಿಯಲ್ಲಿ ಜನರಿಗೆ ಜ್ವರ. ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂತೇನೋ ಎಂದು ಮೊದಲು ಹೆದರಿದರು. ಪುಣೆಯ ವೈರಸ್ ಕೇಂದ್ರದವರು ಹುಡುಕಿದಾಗ ಅದು ಉಣ್ಣೆಯಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು, ಅದೇ ಮಂಗನ ಕಾಯಿಲೆ. ಇವತ್ತಿಗೂ ಕಾಡಂಚಿನಲ್ಲಿ ಮಂಗ ಸತ್ತರೆ ಅದು ಜನರಿಗೆ ಮುನ್ಸೂಚನೆ. ಪ್ರಾಣಿಯ ಸಾವು, ಮನುಷ್ಯನ ಸಾವು ಎಂದು ಎರಡು ಕಡತ ಇಲ್ಲ.

ಕಾರಣ ತಿಳಿದರೆ ಏನು ಲಾಭ ಎನ್ನುವುದಕ್ಕೂ ಒಂದು ಉದಾಹರಣೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಹಕ್ಕಿಗಳು ಕುತ್ತಿಗೆ ಎತ್ತಲಾಗದೆ, ರೆಕ್ಕೆ ಬಿಚ್ಚಲಾಗದೆ ಸತ್ತವು. 18,000ಕ್ಕೂ ಹೆಚ್ಚು. ಭೋಪಾಲಿನ ಲ್ಯಾಬು ಹಕ್ಕಿಜ್ವರ ಅಲ್ಲ ಎಂದಿತು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಬಾಟುಲಿಸಂ, ಅಂದರೆ ಒಂದು ಬ್ಯಾಕ್ಟೀರಿಯದ ವಿಷದಿಂದ ಬರುವ ಕಾಯಿಲೆ ಎಂದು ಹೇಳಿತು. ಸತ್ತ ಹಕ್ಕಿಯಲ್ಲಿ ಆ ಬ್ಯಾಕ್ಟೀರಿಯ ಬೆಳೆದು ವಿಷ ಮಾಡುತ್ತದೆ, ಹೆಣದ ಹುಳುವಿನಲ್ಲಿ ವಿಷ ತುಂಬುತ್ತದೆ, ಹುಳು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ, ಅದರಲ್ಲಿ ಮತ್ತೆ ಹುಳು. ಹೆಣ ಎತ್ತಿ ಹೂಳುವುದೇ ಅಲ್ಲಿ ಮದ್ದು! ಕೊಯ್ದರೆ ಕಣ್ಣಿಗೆ ಏನೂ ಕಾಣದ ಸಾವು ಅದು. ಅಂದಾಜಿನಿಂದ ಯಾರೂ ಹೇಳಲಾಗುತ್ತಿರಲಿಲ್ಲ.

ಸಿದ್ದಾಪುರ · ಜುಲೈ 16, ಬೆಳಿಗ್ಗೆ 10:05

ಸರಿ ಡಾಕ್ಟ್ರೇ. ಮಾತು ಮುಂದುವರಿಸಿ, ಓದುತ್ತಿದ್ದೇನೆ.

ಗೋಣಿಕೊಪ್ಪ ದುರ್ಬೀನು · ಜುಲೈ 17, ರಾತ್ರಿ 8:00

ಹಕ್ಕಿಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಸ್ಕಾಟ್ಲೆಂಡಿನ ಬಾಸ್ ರಾಕ್ ಎಂಬ ಬಂಡೆಯ ಮೇಲೆ ಗ್ಯಾನೆಟ್ ಹಕ್ಕಿಗಳ ದೊಡ್ಡ ಊರೇ ಇದೆ, ದೂರದಿಂದ ಬಂಡೆ ಬೆಳ್ಳಗೆ ಕಾಣುತ್ತದೆ. 2022ರಲ್ಲಿ ಹಕ್ಕಿಜ್ವರದ ವೈರಸ್ ಎಚ್5ಎನ್1 ಅಲ್ಲಿಗೆ ನುಗ್ಗಿತು. ಬದುಕುಳಿದ ಕೆಲವು ಗ್ಯಾನೆಟ್‌ಗಳ ತಿಳಿನೀಲಿ ಕಣ್ಣು ಕಪ್ಪಾಗಿತ್ತು. ರಕ್ತ ಪರೀಕ್ಷೆ ಮಾಡಿದರೆ, ಕಪ್ಪು ಕಣ್ಣಿನವು ಬಹಳಷ್ಟು ವೈರಸ್ ತಾಗಿ ಗುಣವಾದವು. ಅದೇ ವರ್ಷದ ಕೊನೆಗೆ ಪೆರುವಿನ ತೀರದಲ್ಲಿ ಪೆಲಿಕನ್, ಬೂಬಿ ಹಕ್ಕಿಗಳು ಲಕ್ಷದ ಲೆಕ್ಕದಲ್ಲಿ ಹೋದವು. ಹಾಗಾಗಿ ಒಂದೇ ಹಕ್ಕಿಯಾದರೂ ಪರೀಕ್ಷೆ ಆಗಲೇಬೇಕು. ಆಗುವ ತನಕ ‘ಹೌದು’ ಎಂದೂ ಹೇಳಬಾರದು, ‘ಅಲ್ಲ’ ಎಂದೂ ಹೇಳಬಾರದು.

ಪೊನ್ನಂಪೇಟೆ ವಿದ್ಯಾರ್ಥಿನಿ · ಜುಲೈ 18, ರಾತ್ರಿ 9:10

ಕಾರಣ ತಕ್ಷಣ ಸಿಗದಿದ್ದರೂ ಎತ್ತಿಟ್ಟದ್ದು ವ್ಯರ್ಥವಲ್ಲ ಎನ್ನಲು ಇನ್ನೊಂದು ಕಥೆ. 1961ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಊರುಗಳ ಮೇಲೆ ರಾತ್ರಿ ಸಾವಿರಾರು ಸೂಟಿ ಶಿಯರ್‌ವಾಟರ್ ಹಕ್ಕಿಗಳು ಬಂದು ಮನೆ, ಕಾರು, ದೀಪದ ಕಂಬಕ್ಕೆ ಬಡಿದು ಸತ್ತವು. ಮಂಜಿನಲ್ಲಿ ದಾರಿ ತಪ್ಪಿ ದೀಪಕ್ಕೆ ಬಂದವು ಎಂದು ಮಾತು ಮುಗಿಯಿತು. 1991ರಲ್ಲಿ ಅದೇ ಕೊಲ್ಲಿಯಲ್ಲಿ ಪೆಲಿಕನ್‌ಗಳು ಸತ್ತಾಗ ಮೀನಿನ ಹೊಟ್ಟೆಯಲ್ಲಿ ಒಂದು ಜಾತಿ ಪಾಚಿಯ ವಿಷ ಸಿಕ್ಕಿತು. ಡೊಮೊಯಿಕ್ ಆಮ್ಲ, ಮಿದುಳಿಗೆ ಹೋಗಿ ಅಪಸ್ಮಾರ ತರುವಂಥದ್ದು. ಆಗ ಹಳೆಯ ಸಾವಿನ ನೆನಪಾಯಿತು. ಆದರೆ 1961ರ ನೀರು ಎಲ್ಲಿಂದ ತರುವುದು?

ಇತ್ತು! ಆ ವರ್ಷ ಹಡಗಿನಲ್ಲಿ ಹೋದವರು ಕಡಲಿನ ಸೂಕ್ಷ್ಮಜೀವಿಗಳನ್ನು ಬಾಟಲಿಯಲ್ಲಿ ತುಂಬಿ ಜೋಪಾನವಾಗಿ ಇಟ್ಟಿದ್ದರು. ಐವತ್ತು ವರ್ಷದ ಮೇಲೆ ಸಂಶೋಧಕರು ಆ ಬಾಟಲಿ ತೆಗೆದು, ಆ ಜೀವಿಗಳ ಹೊಟ್ಟೆಯೊಳಗೆ ಇದ್ದ ಪಾಚಿ ನೋಡಿದರು. ಮುಕ್ಕಾಲಿಗೂ ಹೆಚ್ಚು ಅದೇ ವಿಷದ ಪಾಚಿ. ಬಾಟಲಿ ತುಂಬಿದವರಿಗೆ ಹಕ್ಕಿಯ ವಿಷಯ ಗೊತ್ತೇ ಇರಲಿಲ್ಲ, ಅವರು ತಮ್ಮ ದಿನದ ಕೆಲಸ ಮಾಡಿದ್ದರು ಅಷ್ಟೆ.

ನಾಪೋಕ್ಲು ಮೇಷ್ಟ್ರು · ಜುಲೈ 19, ಬೆಳಿಗ್ಗೆ 6:50

ಇದನ್ನು ಓದಿದ ಮೇಲೆ ನಮ್ಮ ಮನೆಯ ಮಳೆ ಪುಸ್ತಕ ಕೆಳಗಿಳಿಸಿದೆ. ಅಜ್ಜ ಶುರು ಮಾಡಿದ್ದು, ಆಮೇಲೆ ಅಪ್ಪ, ಈಗ ನಾನು. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಮಾಪಕದ ನೀರು ಗಾಜಿನ ಅಳತೆಗೆ ಸುರಿದು, ಇಂಚು, ಸೆಂಟ್ (ಇಂಚಿನ ನೂರನೇ ಪಾಲು) ಬರೆಯುವುದು. ನಿಮ್ಮ ಮನೆಗಳಲ್ಲೂ ಇರುತ್ತದೆ, ಕೊಡಗಿನ ಯಾವ ತೋಟದ ಮನೆಯಲ್ಲಿ ಇಲ್ಲ? ಅಜ್ಜನ ಪುಸ್ತಕದಲ್ಲಿ ಫೆಬ್ರವರಿ ಪುಟಗಳೂ ಇವೆ. ದಿನಕ್ಕೊಂದು ಸಾಲು, ಸೊನ್ನೆ, ಸೊನ್ನೆ, ಸೊನ್ನೆ. ಚಿಕ್ಕವನಿದ್ದಾಗ ಕೇಳಿದ್ದೆ, ಮಳೆ ಇಲ್ಲದ ದಿನ ಯಾಕೆ ಬರೆಯಬೇಕು ಎಂದು. ‘ಬರೆಯದೆ ಬಿಟ್ಟರೆ ಮಳೆ ಬರಲಿಲ್ಲವೋ, ನಾನು ನೋಡಲಿಲ್ಲವೋ, ಯಾರಿಗೆ ಗೊತ್ತು?’ ಎಂದಿದ್ದರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ, ಹಿಂದೆ ಇಂಥ ಮಳೆ ಬಂದಿತ್ತಾ ಎಂದು ಕೇಳಿ ಬಂದವರಿಗೆ ಆ ಪುಸ್ತಕವನ್ನೇ ತೆರೆದು ತೋರಿಸಿದೆ.

ಬಿದ್ದ ಹಕ್ಕಿಗೂ ಅದರಲ್ಲೇ ಒಂದು ಕಾಲಂ ಎಳೆದರೆ ಆಗದೇ? ಮಾಪಕದ ತನಕ ಹೇಗೂ ಹೋಗುತ್ತೇವೆ.

ಪೊನ್ನಂಪೇಟೆ ವಿದ್ಯಾರ್ಥಿನಿ · ಜುಲೈ 19, ಬೆಳಿಗ್ಗೆ 7:30

ಮೇಷ್ಟ್ರೇ, ಅಮೆರಿಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊತೆ ತೀರದ ಜನ ಮಾಡುವುದು ಇದನ್ನೇ. ಕೋಸ್ಟ್ ಎಂದು ಕರೆಯುತ್ತಾರೆ, 1990ರ ದಶಕದ ಕೊನೆಯಿಂದ ನಡೆಯುತ್ತಿದೆ. ಪ್ರತಿ ತಿಂಗಳು ತಮ್ಮ ತಮ್ಮ ಪಾಲಿನ ಅದೇ ತೀರದ ತುಂಡು ನಡೆಯುತ್ತಾರೆ. ಹೆಣ ಸಿಕ್ಕರೆ ಮೊದಲು ಕಾಲು ನೋಡುತ್ತಾರೆ, ಪಾದದ ಆಕಾರದಿಂದ ಜಾತಿ ಹಿಡಿಯುತ್ತಾರೆ, ಕೊಕ್ಕು ರೆಕ್ಕೆ ಅಳೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನ ತಿಂಗಳು ಅದನ್ನೇ ಮತ್ತೆ ಎಣಿಸದ ಹಾಗೆ ರೆಕ್ಕೆಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಸಿಗದಿದ್ದರೆ ಸೊನ್ನೆ ಬರೆದು ಕಳಿಸುತ್ತಾರೆ. ಮರ್ ಸಾವು ಎಷ್ಟು ಅಸಹಜ ಎಂದು ಹೇಳಲು ಆದದ್ದು ಇಂಥ ಸೊನ್ನೆಗಳಿಂದ. ಅಕ್ಕನೂ ಎತ್ತಿಕೊಂಡಾಗ ನೋಡಿದ್ದು ಕಾಲನ್ನೇ!

ಮಲ್ಪೆ ಬೋಟಿನವ · ಜುಲೈ 19, ರಾತ್ರಿ 8:20

ನಾನು ಮತ್ತು ಇನ್ನಿಬ್ಬರು ಇವತ್ತು ಮಲ್ಪೆಯಿಂದ ಪಡುಕೆರೆ ಕಡೆಗೆ ಎರಡು ಕಿಲೋಮೀಟರ್ ನಡೆದೆವು. ರೆಕ್ಕೆ ಮಾತ್ರ ಉಳಿದ ಒಂದು ಹಕ್ಕಿ, ಫೋಟೋ ಹಾಕಿದ್ದೇನೆ. ಡಾಂಬರು ಉಂಡೆ ಹನ್ನೊಂದು. ಪ್ರತಿ ಶನಿವಾರ ಇದೇ ಎರಡು ಕಿಲೋಮೀಟರ್ ನಡೆಯುತ್ತೇವೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ನನ್ನ ತಂಗಿ ನಡೆಯುತ್ತಾಳೆ.

ಗೋಣಿಕೊಪ್ಪ ದುರ್ಬೀನು · ಜುಲೈ 19, ರಾತ್ರಿ 8:55

ಅಣ್ಣ, ರೆಕ್ಕೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ಇನ್ನೊಂದು ಫೋಟೋ ತೆಗೆಯಲು ಆಗುತ್ತಿತ್ತಾ? ಗಾತ್ರ ತಿಳಿದರೆ ಜಾತಿ ಹೇಳಬಹುದು.

ಮಲ್ಪೆ ಬೋಟಿನವ · ಜುಲೈ 19, ರಾತ್ರಿ 9:00

ಮುಂದಿನ ಸಲ ಸ್ಕೇಲ್ ಹಿಡಿದೇ ಹೋಗುತ್ತೇನೆ.

ಕಕ್ಕಬ್ಬೆ ತೋಟದವಳು · ಜುಲೈ 27, ಬೆಳಿಗ್ಗೆ 9:30

ವರದಿ ಬಂತು. ಡಾಕ್ಟ್ರು ಫೋನಿನಲ್ಲಿ ಓದಿ ಅರ್ಥ ಹೇಳಿದರು, ಅವರ ಮಾತಲ್ಲೇ ಬರೆಯುತ್ತೇನೆ.

ಹಕ್ಕಿಜ್ವರ ಇಲ್ಲ. ಚರ್ಮದಡಿ ಕೊಬ್ಬು ಇಲ್ಲ, ಎದೆ ಮಾಂಸ ಬಹಳ ಕರಗಿದೆ. ಶ್ವಾಸಕೋಶ ಸ್ವಚ್ಛ, ಮೂಳೆ ಮುರಿದಿಲ್ಲ. ಪಿತ್ತಕೋಶ ತುಂಬಿತ್ತು. ಜಠರದಲ್ಲಿ ಮೀನಿನ ಒಂದು ಮುಳ್ಳೂ ಇಲ್ಲ, ನೀಲಿ ಪ್ಲಾಸ್ಟಿಕ್ ದಾರದ ಎರಡು ತುಂಡು ಮಾತ್ರ. ಉಗುರಿನಷ್ಟುದ್ದ. ನಾನು ಆ ದಾರವನ್ನೇ ಹಿಡಿದುಕೊಂಡೆ, ಅದೇ ಕೊಂದಿತು ಅಲ್ಲವೇ ಎಂದೆ. ‘ಹೊಟ್ಟೆಯಲ್ಲಿ ಇತ್ತು ಎನ್ನುವುದು ಬೇರೆ, ಅದೇ ಕೊಂದಿತು ಎನ್ನುವುದು ಬೇರೆ ತಂಗೀ. ಕರುಳು ಕಟ್ಟಿರಲಿಲ್ಲ, ಹುಣ್ಣಾಗಿರಲಿಲ್ಲ. ಇದು ಹಸಿವು’ ಎಂದರು. ಹಸಿವು ಯಾಕೆ ಎಂದೆ. ಗಾಳಿಯೇ ಇರಬಹುದು, ಗಾಳಿಗೆ ಮೊದಲೇ ಬಡಕಲಾಗಿತ್ತೇನೋ, ಒಂದು ಹಕ್ಕಿಯಿಂದ ಅಷ್ಟು ದೂರ ಹೋಗಲಾಗದು ಎಂದರು.

ವಿರಾಜಪೇಟೆ ಕಡೆ ಬಿದ್ದ ಹಕ್ಕಿಯನ್ನು ಹುಡುಕಿಕೊಂಡು ಹೋದೆ. ನೋಡಿದವರು ಸಿಕ್ಕರು, ಕಾಲಿನಲ್ಲಿ ಚರ್ಮ ಇತ್ತು ಎಂದರು. ಹೂತು ವಾರದ ಮೇಲಾಗಿದೆ. ಅದರ ತೂಕ, ಹೊಟ್ಟೆ, ಏನೂ ಇಲ್ಲ.

ವರದಿಯ ಫೋಟೋವನ್ನು ಆ ವಾಟ್ಸಾಪ್ ಗುಂಪಿಗೂ ಹಾಕಿದ್ದೇನೆ. ಕಕ್ಕಡ ಪದಿನೆಟ್ಟಿಗೆ, ಅಂದರೆ ಕಕ್ಕಡದ ಹದಿನೆಂಟನೇ ದಿನದ ಹಬ್ಬಕ್ಕೆ, ಇನ್ನು ಒಂದು ವಾರ, ಪಕ್ಕದ ಮನೆಯವರ ಕೋಳಿ ಹೋಗುತ್ತಿವೆ.

ಅಮ್ಮತ್ತಿ ರೈಟರ್ · ಜುಲೈ 27, ಬೆಳಿಗ್ಗೆ 10:15

ಒಳ್ಳೆಯದಾಯಿತು ತಾಯಿ. ನಾನೂ ಚೆಕ್‌ರೋಲ್ (ಕೂಲಿಯವರ ಹಾಜರಿ) ಬರೆಯುವ ಹಳೆ ಪುಸ್ತಕದಲ್ಲಿ ಗೀಟು ಹಾಕಿದ್ದೇನೆ. ಹಕ್ಕಿ ಒಂದು ಕಾಲಂ, ಜೇನು ಒಂದು ಕಾಲಂ.

ನಾಪೋಕ್ಲು ಮೇಷ್ಟ್ರು · ಜುಲೈ 28, ಬೆಳಿಗ್ಗೆ 8:10

ನಾಪೋಕ್ಲು. ಮಳೆ 3 ಇಂಚು 40 ಸೆಂಟ್. ಗಾಳಿ ಪಡುವಣದಿಂದ. ಹಕ್ಕಿ ಸೊನ್ನೆ.

ಕಕ್ಕಬ್ಬೆ ತೋಟದವಳು · ಜುಲೈ 28, ಬೆಳಿಗ್ಗೆ 8:25

ಕಕ್ಕಬ್ಬೆ. ಮಳೆ 5 ಇಂಚು 15 ಸೆಂಟ್. ಗದ್ದೆ ಬದು ಪೂರ್ತಿ ನಡೆದೆ, ಅತ್ತೆ ಕೆರೆ ಏರಿ ನೋಡಿ ಬಂದರು. ಹಕ್ಕಿ ಸೊನ್ನೆ.